ಎರಡೆಳೆ ದಾರ

ಭಾವನ ತೋಳಿಗೆ ಹವಾಲ್ದಾರನ ಮೂರು ಪಟ್ಟಿ ಹೊಲಿದವನು ನಾನೇ, ಬಿಚ್ಚಿದವನೂ ನಾನೇ. ದಂಡಿನ ದರ್ಜಿಯಾದದ್ದು ನನ್ನ ಕರ್ಮ, ಇನ್ನೇನು ಹೇಳಲಿ!

ಅವನು ನಮ್ಮಕ್ಕನ ಗಂಡ. ಹೋದ ತಿಂಗಳು ಪಹರೆಯಲ್ಲಿ ತೂಕಡಿಸುತ್ತಿದ್ದ ಸಿಪಾಯಿಯೊಬ್ಬನನ್ನು ಹಿಡಿದು ದೂರು ಬರೆದಿದ್ದ. ಸಿಪಾಯಿಗೆ ಹದಿನಾಲ್ಕು ದಿನ ಸೆರೆಯಾಯಿತು. ಈ ತಿಂಗಳು ಮಟಮಟ ಮಧ್ಯಾಹ್ನ, ಮದ್ದುಗುಂಡಿನ ಕೋಣೆಯ ಬಾಗಿಲಲ್ಲಿ ಪಹರೆಗಿದ್ದ ಭಾವನಿಗೇ ಜೊಂಪು ಹತ್ತಿತು. ಒಂದು ನರಪಿಳ್ಳೆಯೂ ನೋಡಲಿಲ್ಲ. ಆದರೂ ಈ ಮಹಾಶಯ ಎಚ್ಚರವಾದವನೇ ಹೋಗಿ ತನ್ನ ಮೇಲೆ ತಾನೇ ದೂರು ಬರೆದುಕೊಟ್ಟ! ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

“ತಲೆ ನೆಟ್ಟಗಿದ್ಯಾ ನಿಂಗೆ? ಯಾರು ನೋಡಿದ್ರು?”

“ನಾನು ನೋಡ್ದೆ.”

“ನಿದ್ದೆ ಹೊಡೀತಿದ್ದೋನು ನೀನೇನು ನೋಡ್ತೀಯ, ಮಣ್ಣು!”

“ಎದ್ದಿದ್ದು ನಾನೇ ಅಲ್ವೇನೋ? ಆ ಸಿಪಾಯಿ ಮುಖ ಇನ್ನು ಹೇಗೆ ನೋಡ್ಲಿ?”

ವಿಚಾರಣೆಯ ದಿನ ಟೋಪಿ, ಬೆಲ್ಟು ಕಳಚಿಟ್ಟು ಮೇಜರ್ ಮುಂದೆ ನಿಂತ. ಕತ್ತರಿ ಹಿಡಿದು ಬಾಗಿಲಲ್ಲಿ ನಾನು. ಇಪ್ಪತ್ತು ವರ್ಷ ದುಡಿದು ಗಳಿಸಿದ ಪಟ್ಟಿಗಳು ಹೋಗುವ ಹೊತ್ತು.

ಮೇಜರ್ ದೂರಿನ ಕಾಗದವನ್ನು ಮುಂದೆ ತಳ್ಳಿದರು. “ನೀನೇ ಬರೆದದ್ದು. ಬೇಕಾದ್ರೆ ಹರಿದುಹಾಕು. ನಾನು ಕಿಟಕಿ ಕಡೆ ನೋಡ್ತಿರ್ತೀನಿ.”

ಹರಿಯೋ ಮಾರಾಯ, ಹರಿ! ಮನಸ್ಸಿನಲ್ಲೇ ಬೇಡಿಕೊಂಡೆ. ಮೇಜರ್ ಈ ಕಡೆ ತಿರುಗಿದಾಗ ಕಾಗದ ಇದ್ದಲ್ಲೇ ಇತ್ತು. ಭಾವನ ಕೈ ತೊಡೆಯ ಪಕ್ಕ ಬಿಟ್ಟು ಕದಲಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡರೂ ಈ ಮನುಷ್ಯ ಎಂಥವನೆಂದು ನಾನು ಅರಿತಿರಲಿಲ್ಲ.

ಪಟ್ಟಿ ಕೀಳುವುದು ಇಡೀ ತುಕಡಿಯ ಮುಂದೆ. ಬೇರೆಯವರದಾದರೆ ನಾಲ್ಕು ಸಲ ಕತ್ತರಿ ಆಡಿಸಿದರೆ ಮುಗಿಯಿತು. ಇವನದನ್ನು ಮಾತ್ರ, ಯಾರೂ ಕೀಳಲಾಗಬಾರದೆಂದು, ಬಡ್ತಿಯ ದಿನ ನಾನು ಜಂಬದಿಂದ ಎರಡೆಳೆ ದಾರದಲ್ಲಿ ಹೊಲಿದಿದ್ದೆ. ಥೂ ನನ್ನ ಬುದ್ಧಿಗಿಷ್ಟು! ಒಂದೊಂದೇ ಹೊಲಿಗೆ ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಮೊದಲ ಸಾಲಿನಲ್ಲಿ ಸೆರೆಯಿಂದ ಬಂದ ಆ ಸಿಪಾಯಿ. ಕಣ್ಣೀರು ಗದ್ದದವರೆಗೆ ಇಳಿದಿತ್ತು. ‘ಸಾವಧಾನ್’ ಆಜ್ಞೆಗೆ ಸೆಟೆದು ನಿಂತವನು ಒರೆಸಿಕೊಳ್ಳುವ ಹಾಗಿಲ್ಲ.

ಬೇಗ ಮುಗಿಸಿಬಿಡಲು ಕತ್ತರಿ ತೂರಿಸಿ ಜಗ್ಗಿದೆ. ಭಾವ ಅಂಗಿಯ ಅಳತೆ ಕೊಡುವವನಂತೆ ತೋಳು ಚಾಚಿ ನಿಂತಿದ್ದ.

“ನಿಧಾನ ಕಣೋ, ತೋಳು ಹರಿದೀಯ. ನಾಳೆ ಪಹರೆಗೆ ಇದೇ ಅಂಗಿ,” ತುಟಿ ಅಲುಗಿಸದೆ ಅಂದ. “ಪಟ್ಟಿ ಎತ್ತಿಡು. ಮತ್ತೆ ಗಳಿಸ್ತೀನಿ. ಆಗ್ಲೂ ಎರಡೆಳೇಲೇ ಹೊಲಿ.”