ಜೋಳಕ್ಕೆ ಮೂರು

ಹಗೇವು ಮುಚ್ಚುವ ಮುಂಚೆ ನಮ್ಮ ಅವ್ವನನ್ನು ಕರೆಯುತ್ತಿದ್ದರು.

ಗುಡಗೇರಿಯಲ್ಲಿ ಆಗಿನ್ನೂ ನೆಲದೊಳಗೆ ಜೋಳ ಇಡುವ ಹಗೇವುಗಳು ಏಳೆಂಟು ಉಳಿದಿದ್ದವು. ಒಳಗೆ ಬಾವಿಯಷ್ಟು ಆಳ, ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ಹಸಿ ಕಾಳು ಒಳಗೆ ಹೋದರೆ ಕಾವು ಹಿಡಿದು ಎಲ್ಲವೂ ಕೆಡುತ್ತದೆ. ಅದಕ್ಕೇ ಅವ್ವ ರಾಶಿಯ ಮೂರು ಕಡೆಯಿಂದ ಮೂರು ಕಾಳು ತೆಗೆದು, ಒಂದೊಂದಾಗಿ ಬಲಗಡೆಯ ದವಡೆ ಹಲ್ಲಿಗೆ ಇಟ್ಟು ಕಡಿಯುತ್ತಿದ್ದಳು. ಕಟ್ ಎಂದು ಸಪ್ಪಳವಾದರೆ "ಮುಚ್ರಿ" ಅನ್ನುತ್ತಿದ್ದಳು. ಆಗದಿದ್ದರೆ "ಇನ್ನೆರಡು ಬಿಸಲು ತೋರಸ್ರಿ" ಅನ್ನುತ್ತಿದ್ದಳು. ಎಷ್ಟು ದೊಡ್ಡ ಮನೆಯವರಾದರೂ ತೋರಿಸುತ್ತಿದ್ದರು. ಬಾಯಿ ಮುಕ್ಕಳಿಸಲು ನೀರಿನ ತಂಬಿಗೆ ಹಿಡಿದು ನಾನು ಅವಳ ಹಿಂದೆ ನಿಲ್ಲುತ್ತಿದ್ದೆ.

ಅಪ್ಪ ಹೋದ ಮೇಲೆ ಊರಿನವರು ಅವ್ವನನ್ನು ಸಾವಂತ್ರೆವ್ವ ಎಂದು ಹೆಸರು ಹಿಡಿದು ಕರೆಯುತ್ತಿದ್ದುದು ಆ ಒಂದು ಕೆಲಸಕ್ಕೆ. ಆ ಹಲ್ಲು ಎರಡು ವರ್ಷದಿಂದ ನೋಯುತ್ತಿತ್ತು. ಲವಂಗ ಒತ್ತಿಕೊಂಡು ಮಲಗುತ್ತಿದ್ದಳು. ಕೀಳಿಸಿಕೋ ಎಂದರೆ, "ಇದನ್ನ ಕಿತ್ತಿಸಿದ್ರ ನನ್ನ ಯಾರ ಕರೀತಾರ?" ಅನ್ನುತ್ತಿದ್ದಳು.

ಎಂಬತ್ತಾರನೆಯ ಇಸವಿಯಲ್ಲಿ ಊರಿನ ರೈತರ ಸಂಘಕ್ಕೆ ಒಂದು ಪೆಟ್ಟಿಗೆ ಬಂತು. ತಂದವರು ಕೃಷಿ ಇಲಾಖೆಯ ಸಾಹೇಬರು, ಮಂಡ್ಯದ ಕಡೆಯವರು, ಇನ್ನೂ ಸಣ್ಣ ವಯಸ್ಸು. ಪೆಟ್ಟಿಗೆಗೆ ಒಂದು ಬಟ್ಟಲು, ಒಂದು ತಿರುಗಣಿ, ಒಂದು ಗುಂಡಿ. ಬಟ್ಟಲ ತುಂಬ ಕಾಳು ಸುರಿದು ಗುಂಡಿ ಒತ್ತಿದರೆ, ಕಾಳಿನಲ್ಲಿ ಎಷ್ಟು ನೀರಿದೆ ಎಂಬುದು ಕೆಂಪು ಅಂಕಿಯಾಗಿ ಮೂಡುತ್ತಿತ್ತು.

"ನಮ್ಮ ಹೇಣ್ತಿ ತಲಿ ಎಷ್ಟ ಬಿಸಿ ಐತಿ ಅಂತಾನೂ ತೋರಸ್ತೈತೇನ್ರಿ ಸಾಹೇಬ್ರ?" ಎಂದ ಭರಮಪ್ಪ. ಹಗೇವಿಗೆ ಇಳಿಯುವವನು ಅವನೇ.

"ಅದ್ಕ ಮಷೀನ್ ಯಾಕ ಬೇಕಲೇ, ನಿನ್ನ ಬೆನ್ನ ನೋಡಿದ್ರ ತಿಳೀತೈತಿ," ಎಂದರು ಸಂಘದ ಚೇರಮನ್ನರಾದ ಶಂಭುಲಿಂಗಪ್ಪ ಕಾಕಾ. ಎಲ್ಲರೂ ನಕ್ಕರು. ಸಾಹೇಬರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು.

ಅಂಕಿ ಓದಿ ಬರೆದಿಡಲು ಒಬ್ಬರು ಬೇಕಾಗಿತ್ತು. "ಸಾವಂತ್ರೆವ್ವನ ಮಗಳು ಐದನೇ ಇಯತ್ತಾ ತನಕ ಸಾಲಿ ಕಲ್ತಾಳ. ಮಾತಿಲ್ಲ ಕತಿಯಿಲ್ಲ, ಚಲೋ ಹುಡುಗಿ," ಎಂದು ಕಾಕಾ ನನ್ನನ್ನು ಕರೆದರು. ನಾನು ಸೆರಗಿನ ತುದಿ ಹಿಡಿದು ನಿಂತೆ. ಸಾಹೇಬರು ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರು. ಗೋಧಿ ಒಂದು. ಭತ್ತ ಎರಡು. ಜೋಳ ಮೂರು. ಸೋರ್ಗಂ ನಾಲ್ಕು.

"ಯಾವ ಕಾಳೋ ಆ ನಂಬರ್‌ಗೆ ತಿರುಗಣಿ ಇಟ್ಕೋಮ್ಮ. ಹನ್ನೆರಡೂವರೆ ಒಳಗೆ ಬಂದ್ರೆ ಒಣಗಿದೆ ಅಂತ ಅರ್ಥ. ಏನಾದ್ರೂ ಕೇಳೋದಿದ್ರೆ ಕೇಳು."

ಸೋರ್ಗಂ ಅಂದರೇನು ಎಂದು ಕೇಳಬೇಕೆನಿಸಿತು. ಅಷ್ಟು ಗಂಡಸರ ನಡುವೆ ಬಾಯಿ ಬರಲಿಲ್ಲ. ನಮ್ಮ ಕಡೆ ಬೆಳೆಯದ ಯಾವುದೋ ಕಾಳಿರಬೇಕು ಅಂದುಕೊಂಡೆ.

ಆ ವರ್ಷ ಹೋಳಿ ಹುಣ್ಣಿಮೆಯ ಮುಂದೆ ಕಣದಲ್ಲಿದ್ದ ರಾಶಿಗೆ ಮಳೆ ಹೊಡೆದಿತ್ತು. ಒಂದು ವಾರ ಒಣಗಿಸಿ, ನಮ್ಮ ಓಣಿಯ ಹನ್ನೆರಡು ಮನೆಯ ಜೋಳವನ್ನು ಸಂಘದ ಹಗೇವಿಗೆ ತುಂಬುವುದೆಂದಾಯಿತು. ತಿರುಗಣಿಯನ್ನು ಮೂರಕ್ಕೆ ಇಟ್ಟು ಗುಂಡಿ ಒತ್ತಿದೆ. ಹನ್ನೆರಡು ಬಂತು.

ಅವ್ವನನ್ನೂ ಕರೆದಿದ್ದರು, ರೂಢಿಗೆ. ಅವಳು ಮೂರು ಕಾಳು ಕಡಿದಳು. ಸಪ್ಪಳ ಬರಲಿಲ್ಲ.

"ಹಸಿ ಐತ್ರಿ, ಅಣ್ಣಾರ."

"ಮಷೀನ್ ಹನ್ನೆರಡು ತೋರಸ್ತೈತಿ, ಬೇ," ಎಂದರು ಕಾಕಾ.

"ಅದು ಏನರೆ ತೋರಸ್ಲಿ. ಹಲ್ಲಿಗೆ ಮೆತ್ತಗ ಹತ್ತತೈತಿ."

"ನಿನ್ನ ಹಲ್ಲರೆ ಈಗ ಎಲ್ಲಿ ಚಲೋ ಐತಿ? ಹುಳಾ ಹಿಡದೈತಿ ಅಂತ ನೀನಽ ಅಂತೀಯಲ್ಲ," ಎಂದರು ಕಾಕಾ. ಯಾರೋ ಹಿಂದಿನಿಂದ ನಕ್ಕರು. ಸಾಹೇಬರು ಸಮಾಧಾನದಿಂದ, "ಇದು ಸುಳ್ಳು ಹೇಳಲ್ಲಮ್ಮ," ಎಂದರು.

ಅವ್ವ ನನ್ನ ಕಡೆ ತಿರುಗಿದಳು. "ನೀಲಾ, ನೀ ಏನಂತಿ?"

ಅವಳಿಗಿಂತ ಮುಂಚೆಯೇ ನಾನೂ ಒಂದು ಕಾಳು ಬಾಯಿಗೆ ಹಾಕಿಕೊಂಡಿದ್ದೆ. ಅದು ಒಡೆದಿರಲಿಲ್ಲ, ಚಪ್ಪಟೆಯಾಗಿತ್ತು. ನಾಲಿಗೆಯ ಕೆಳಗೆ ಇನ್ನೂ ಇತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನ್ನನ್ನು ಅಷ್ಟು ಜನ ಯಾವತ್ತೂ ನೋಡಿರಲಿಲ್ಲ.

"ಹನ್ನೆರಡು ಬಂದೈತಿ," ಎಂದೆ.

ಕಾಳು ಸುರಿದರು. ಬಾಯಿಗೆ ಕಲ್ಲು ಹೊದಿಸಿ ಮಣ್ಣು ಮೆತ್ತಿದರು. ಅವ್ವ ತಂಬಿಗೆಯನ್ನು ತಾನೇ ಎತ್ತಿಕೊಂಡು ಮನೆಗೆ ನಡೆದಳು.

ಮುಂದೆ ಉಳಿದ ಹಗೇವಿನವರೂ ಪೆಟ್ಟಿಗೆಯನ್ನೇ ಕರೆದರು, ಅಂದರೆ ನನ್ನನ್ನು. ಅವರ ಜೋಳಕ್ಕೆ ಮಳೆ ಬಡಿದಿರಲಿಲ್ಲ, ಅಂಕಿ ಒಂಬತ್ತೋ ಹತ್ತೋ ಬರುತ್ತಿತ್ತು. ಅವ್ವನನ್ನು ಯಾರೂ ಕರೆಯಲಿಲ್ಲ. ಯುಗಾದಿ ಮುಗಿದ ವಾರ ಅವಳು ಒಬ್ಬಳೇ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಸಂಜೆ ಬಂದಳು. ಗಲ್ಲ ಬಾತಿತ್ತು. ಸೆರಗಿನ ಗಂಟು ಬಿಚ್ಚಿ ಹಲ್ಲನ್ನು ತೆಗೆದು ಹಿತ್ತಲಲ್ಲಿ ಒಗೆದಳು. ಆಮೇಲೆ ಒಲೆ ಹಚ್ಚಿದಳು. ನಾನು ಹಿಟ್ಟು ಸಾಣಿಸಿಕೊಟ್ಟೆ. ನನಗೆ ಅಳು ಬರಬೇಕಾಗಿತ್ತು ಅನಿಸುತ್ತದೆ. ಬರಲಿಲ್ಲ.

ಶ್ರಾವಣದಲ್ಲಿ ಹಗೇವು ತೆಗೆದರು. ಕಲ್ಲು ಸರಿಸುವಾಗಲೇ ವಾಸನೆ ಬಂತು. ಭರಮಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಒಳಗಿನ ಕೆಟ್ಟ ಗಾಳಿಗೆ ಅದು ಆರಿತು. ಒಂದು ದಿನ ಬಿಟ್ಟು ಮತ್ತೆ ಇಳಿಬಿಟ್ಟಾಗ ಉಳಿಯಿತು. ಅವನು ಇಳಿದು ಬುಟ್ಟಿ ತುಂಬಿ ಕಳಿಸಿದ. ಜೋಳ ಕಪ್ಪಾಗಿ ಹೆಂಟೆ ಹೆಂಟೆಯಾಗಿ ಅಂಟಿಕೊಂಡಿತ್ತು. ಹನ್ನೆರಡು ಮನೆಯ ಹೆಂಗಸರು ಚೀಲ ಹಿಡಿದು ಬಂದಿದ್ದರು. ರೇಣುಕವ್ವ ಒಂದು ಹೆಂಟೆ ಒಡೆದು ಮೂಸಿದಳು. "ಎಮ್ಮಿ ಸೈತ ತಿನ್ನೂದಿಲ್ಲ ಇದನ್ನ," ಎಂದು ಖಾಲಿ ಚೀಲ ಮಡಚಿದಳು.

ಸಾಹೇಬರನ್ನು ಕರೆಸಿದರು.

"ಯಾವ ನಂಬರ್‌ಗೆ ಇಟ್ಟು ನೋಡ್ದೆ?" ಎಂದು ನನ್ನನ್ನು ಕೇಳಿದರು. ಅವತ್ತು ಅವರೂ ಬಾಜುಕ್ಕೇ ನಿಂತಿದ್ದರು, ತಿರುಗಣಿಯನ್ನು ನೋಡಿರಲಿಲ್ಲ. ನಾನು ರಟ್ಟು ತೋರಿಸಿದೆ. ಜೋಳ ಮೂರು.

"ಅಯ್ಯೋ, ಇದು ಸೋರ್ಗಂ ಅಲ್ವಾ! ನಾಲ್ಕಕ್ಕೆ ಇಡ್ಬೇಕಿತ್ತು. ಜೋಳ ಅಂದ್ರೆ ತೆನೆ ಸುಟ್ಟು ತಿಂತಾರಲ್ಲ, ಅದು."

"ಅದಕ್ಕ ನಾವು ಗೋವಿನಜೋಳ ಅಂತೀವ್ರಿ," ಎಂದ ಭರಮಪ್ಪ. "ಜೋಳ ಅಂದ್ರ ರೊಟ್ಟಿ ಮಾಡೂದ್ರಿ. ಇದಽ."

ಯಾರೂ ನಗಲಿಲ್ಲ. ಸಾಹೇಬರು ಜೇಬಿನಿಂದ ಪೆನ್ನು ತೆಗೆದು, ರಟ್ಟಿನ ಮೇಲೆ ಸೋರ್ಗಂ ಹೊಡೆದುಹಾಕಿ ಜೋಳ ಎಂದು ಬರೆದರು. ಮೂರನೆಯ ಸಾಲಿನ ಜೋಳದ ಹಿಂದೆ ಗೋವಿನ ಎಂದು ಸೇರಿಸಿದರು.

ಆ ಸಂಜೆ ಕಾಕಾ ನಮ್ಮ ಮನೆಯ ಕಟ್ಟೆಯವರೆಗೆ ಬಂದರು.

"ತಪ್ಪ ಆತವಾ, ಸಾವಂತ್ರೆವ್ವಾ. ಇನ್ನ ಮುಂದ ಮಷೀನ್ ಏನರೆ ಅನ್ಲಿ, ನೀ ಅಂದ ಮ್ಯಾಲೆನಽ ಮುಚ್ಚೂದು."

ಅವ್ವ ಬಾಯಿ ತೆರೆದು ಬೆರಳಿನಿಂದ ಗಲ್ಲ ಸರಿಸಿ ತೋರಿಸಿದಳು. ಕಾಕಾ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಅವ್ವ ಒಳಗೆ ಬಂದು ರೊಟ್ಟಿ ಬಡಿಯಲು ಕುಳಿತಳು. ಎರಡು ರೊಟ್ಟಿ ಆದ ಮೇಲೆ ಕೇಳಿದಳು.

"ಅವತ್ತ ನೀನೂ ಕಡದಿದ್ದಿ. ನಾ ನೋಡೀನಿ."

"ಹೂಂ."

"ಹಸಿ ಇತ್ತಿಲ್ಲೊ?"

"ಇತ್ತು."

ಅವಳು ಮೂರನೆಯದನ್ನು ಬಡಿದು ಹಂಚಿಗೆ ಹಾಕಿದಳು. ನೀರು ಸವರಿದಳು. "ಬೆಂಕಿ ಒಟ್ಟು," ಎಂದಳು. ಒಟ್ಟಿದೆ.

ಮರುವರ್ಷ ಅದೇ ಹಗೇವನ್ನು ಕೆರೆದು ಬಳಿದು, ಹೊಸ ಹುಲ್ಲು ಹಾಸಿ ಹೊಸ ಜೋಳ ತಂದರು. ನಾನು ತಿರುಗಣಿಯನ್ನು ನಾಲ್ಕಕ್ಕೆ ಇಟ್ಟೆ. ಬಟ್ಟಲಿಗೆ ಕಾಳು ಸುರಿದು ಗುಂಡಿ ಒತ್ತುವ ಮುಂಚೆ ರಾಶಿಯ ಮೂರು ಕಡೆಯಿಂದ ಮೂರು ಕಾಳು ತೆಗೆದು, ಒಂದೊಂದಾಗಿ ಬಲಗಡೆಗೆ ಇಟ್ಟು ಕಡಿದೆ. ಮೂರೂ ಕಟ್ ಎಂದವು.

"ಎಷ್ಟ ಬಂತವಾ, ನೀಲವ್ವಾ?" ಎಂದರು ಕಾಕಾ.

"ಹನ್ನೊಂದು. ಮುಚ್ರಿ," ಎಂದೆ.

ಭರಮಪ್ಪ ಮತ್ತು ಇನ್ನಿಬ್ಬರು ಹಗೇವಿಗೆ ಕಾಳು ಸುರಿಯತೊಡಗಿದರು. ಪೆಟ್ಟಿಗೆಯ ಕಡೆ ನೋಡಿದೆ. ನಾನಿನ್ನೂ ಗುಂಡಿ ಒತ್ತಿರಲಿಲ್ಲ. ಹಿಂದೆ ಯಾರೋ ಬಂದು ನಿಂತಂತಾಯಿತು. ಅವ್ವ. ಅವಳನ್ನು ಯಾರೂ ಕರೆದಿರಲಿಲ್ಲ.

ತಂಬಿಗೆಯನ್ನು ನನ್ನ ಕಡೆ ಚಾಚಿದಳು. ನಾನು ಬಾಯಿ ಮುಕ್ಕಳಿಸಿದೆ.