ಕಪಾಟಿನ ಗಾಜಿನಲ್ಲಿ ನಾಲ್ಕು ದೀಪ

ಕಪಾಟಿನ ಗಾಜಿನಲ್ಲಿ ನಾಲ್ಕು ದೀಪ — ಇಲ್ಲ, ಮೂರೇ ಇರಬೇಕು, ತಲೆಯ ಮೇಲೊಂದು, ಎರಡು ಮುಂಗೈಗಳ ಮೇಲೆ ಒಂದೊಂದು, ಎಣ್ಣೆ ತುಂಬಿದ ಗಾಜಿನ ಲೋಟಗಳು ಚರ್ಮಕ್ಕೆ ಬಿಸಿ ಮುಟ್ಟಿಸುತ್ತಿವೆ, ಕತ್ತು ತಿರುಗಿಸುವಂತಿಲ್ಲ, ತಿರುಗಿಸಿದರೆ ಬೆಂಕಿ ಬಿದಿರಿನ ನೆಲಕ್ಕೆ, ಮೂಲೆಯ ಜೋಲಿಯಲ್ಲಿ ನನ್ನ ಮಗು ದೊದೋಯ್ ಮಲಗಿದ್ದಾನೆ — ಸೊಂಟದಿಂದ ಕೆಳಗೆ ಮಾತ್ರ ಕುಣಿಯೇ ಇಸ್ಕಾ, ಮೇಲೆ ನೀನು ಮರದ ಗೊಂಬೆ, ಎನ್ನುತ್ತಾಳೆ ಲೋಲಾ ಪುರಿಂಗ್, ಊರಿನ ಹೆಂಗಸರಿಗೆಲ್ಲ ಈ ದೀಪದ ಕುಣಿತ ಕಲಿಸಿದ ಮುದುಕಿ, ಚಪ್ಪಾಳೆಯೇ ಅವಳ ತಾಳ, ಒಂದು-ಎರಡು-ಮೂರು, ನಿಮ್ಮಕ್ಕ ಹಿಂಗೆ ಬಾತುಕೋಳಿ ಥರ ಕಾಲು ಹಾಕ್ತಿರ್ಲಿಲ್ಲ ಬಿಡು — ಅಕ್ಕ, ಸಲುದಕ್ಕ, ನೆಲ ಮುಟ್ಟುವಂತೆ ಬಾಗಿ ವಂದಿಸಿದರೂ ಅವಳ ತಲೆಯ ಜ್ವಾಲೆ ಅಲುಗುತ್ತಿರಲಿಲ್ಲ, ಈ ದ್ವೀಪದಲ್ಲಿ ಅವಳೊಬ್ಬಳಿಗೇ ಒಲಿದ ಬಾಗು ಅದು. ನಾಳೆ ಅವಳ ಶವಪೆಟ್ಟಿಗೆ ಎತ್ತುವ ಮುನ್ನ ಅದರೆದುರು ನಾನು ಕುಣಿಯಬೇಕು, ಅವಳ ಕಡೆಯ ಆಸೆ, ಅದಕ್ಕೇ ಈ ಅವಸರದ ಕಲಿಕೆ, ಅದಕ್ಕೇ ಸಂಜೆ ಸಾವಿನ ಮನೆಯಿಂದ ಎದ್ದವಳು ನೇರ ಇಲ್ಲಿಗೆ — ನೇರ. ನೇರವಾಗಿಯೇ ಬಂದೆನೆ? ಸಾವಿನ ಮನೆಯಿಂದ ಹೊರಟವರು ಯಾರೂ ನೇರ ಮನೆಗೆ ಬರುವುದಿಲ್ಲ, ಬೆರ್ತಿಂಗನ ಅಂಗಡಿಯಲ್ಲಾದರೂ ನಿಂತು, ಒಂದು ಕಾಫಿ ಕುಡಿದು, ಸತ್ತವರು ಬೆನ್ನಿಗೆ ಬಂದಿದ್ದರೆ ಅಲ್ಲೇ ಕೊಡವಿ ಬರುತ್ತಾರೆ, ಚಿಕ್ಕಮಕ್ಕಳೂ ಮರೆಯದ್ದನ್ನು ನಾನು ಮರೆತೆ, ಗಾಜಿನಲ್ಲಿ ನಾಲ್ಕು ದೀಪ, ನಾಲ್ಕನೆಯದು ನನ್ನ ಹಿಂದೆ, ಜೋಲಿಯ ಪಕ್ಕ, ಒಬ್ಬ ಹೆಂಗಸಿನ ತಲೆಯಷ್ಟು ಎತ್ತರದಲ್ಲಿ.

ಇವನನ್ನ ನಂಗೆ ಕೊಟ್ಬಿಡೇ, ನಿಂಗೇನು, ಇನ್ನೊಂದು ಹೆತ್ಕೋತೀಯ — ಮಕ್ಕಳಿಲ್ಲದ ಅಕ್ಕ ಮಡಿಲೊಡ್ಡಿ ಹೀಗೆನ್ನುವಾಗಲೆಲ್ಲ ನಗುತ್ತಿದ್ದಳು, ಕೊನೆಯ ಸಲ ನಗಲಿಲ್ಲ, ಜೋಲಿಯ ಹಗ್ಗ ಕಿರುಗುಟ್ಟುತ್ತಿದೆ, ಗಾಳಿಯ ಸುಳಿವಿಲ್ಲ, ಒಂದು-ಎರಡು-ಮೂರು, ಅಜ್ಜೀ, ಜೋಲಿ ಯಾರು ತೂಗ್ತಿರೋದು, ಇಲ್ಯಾರಿದಾರೆ ನಾನೂ ನೀನೂ ಬಿಟ್ರೆ, ತಾಳ ತಪ್ಪಿಸ್ಬೇಡ — ಮಗುವನ್ನು ಎತ್ತಿಕೊಂಡು ಓಡಲೇ, ಓಡಿದರೆ ಮಗುವಿನ ಜೊತೆಗೇ ಬರುತ್ತಾಳೆ, ಮಗುವನ್ನು ಬಿಟ್ಟು ಹೊರಟರೆ ಕರೆತಂದ ನನ್ನ ಬೆನ್ನು ಹಿಡಿಯಲೇಬೇಕು, ಹಾಗೆಂದೇ ಅಲ್ಲವೆ ಎಲ್ಲರೂ ಹೇಳುವುದು, ಬಾ ಅಕ್ಕ, ಅಂಗಡಿಯವರೆಗೆ ಬಾ, ಕುಣಿಯುತ್ತಲೇ ಬಾ, ದೀಪ ಕಂಡರೆ ನೀನು ಬಾರದಿರುವವಳಲ್ಲ, ಬಾಗಿಲು, ಏಣಿಯ ಮೆಟ್ಟಿಲುಗಳು, ಪಾದದಿಂದಲೇ ತಡವಿ ಇಳಿಯುತ್ತೇನೆ, ಏ ಹುಚ್ಚೀ, ದೀಪ ಹೊತ್ಕೊಂಡು ಎಲ್ಲಿಗೇ, ಮುದುಕಿಯೂ ಏದುತ್ತ ಹಿಂದೆಯೇ ಇಳಿದಳು, ಮಣ್ಣು, ಓಣಿ, ಒಂದು-ಎರಡು-ಮೂರು, ಬೆನ್ನಿಗೆ ಬಿಸಿ ತಾಗಿದಂತೆ, ಬರುತ್ತಿದ್ದಾಳೆ, ಬಂದೇ ಬರುತ್ತಾಳೆ, ಏನಮ್ಮಾ ಇಸ್ಕಾ, ಹಬ್ಬ ನಮ್ಮಂಗಡೀಲೇ ಶುರುನಾ, ಬೆರ್ತಿಂಗ್ ನಗುತ್ತಾನೆ, ಒಂದು ಕಾಫಿ ಕೊಡಣ್ಣ, ಬೇಗ, ಹಿಡಿಯೋಕೆ ಕೈ ಎಲ್ಲಮ್ಮಾ ನಿಂಗೆ, ಅವನ ಎದುರಿಗೆ ಬಿಸ್ಕತ್ತಿನ ಗಾಜಿನ ಭರಣಿ, ಅದರ ಹೊಟ್ಟೆಯಲ್ಲಿ ನಾನು, ನನ್ನ ದೀಪಗಳು, ತಲೆಯದು, ಎಡಗೈಯದು, ಬಲಗೈಯದು —

ಮೂರೇ.

ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುತ್ತೇನೆ, ಕಲಿಸಿದಂತೆಯೇ, ಓಣಿಯಾಚೆ ನನ್ನ ಮನೆ, ನನ್ನ ಕಿಟಕಿ, ದೀಪಗಳನ್ನೆಲ್ಲ ನಾನೇ ಹೊತ್ತು ತಂದ ಆ ಕತ್ತಲ ಕೋಣೆಯಲ್ಲಿ ಒಂದೇ ಒಂದು ಜ್ವಾಲೆ, ಜೋಲಿಯ ಮೇಲಕ್ಕೆ ಬಾಗುತ್ತಿದೆ, ಇನ್ನೂ ಬಾಗುತ್ತಿದೆ, ಅಲುಗದೆ, ಒಂದಿಷ್ಟೂ ಅಲುಗದೆ