ನಿಂತ ಬಸ್ಸಿನಿಂದ ಇಳಿದ ಕಂಡಕ್ಟರಕ್ಕ

ಓಡುವ ಬಸ್ಸಿನಲ್ಲಿ ಯಾವ ಕಂಬಿಯನ್ನೂ ಹಿಡಿಯದೆ ಟಿಕೆಟ್ ಕೊಡುತ್ತಿದ್ದ ಕಂಡಕ್ಟರಕ್ಕ ಕಾಲು ಉಳುಕಿಸಿಕೊಂಡದ್ದು ನಿಂತ ಬಸ್ಸಿನಿಂದ ಇಳಿಯುವಾಗ. ಅದೂ ಡಿಪೋದಲ್ಲಿ, ಹಾಡಹಗಲಲ್ಲಿ, ಮೆಕ್ಯಾನಿಕ್‌ಗಳೆಲ್ಲ ನೋಡುತ್ತಿದ್ದಾಗ. ಬ್ರೇಕ್ ಹಾಕುವ ರೀತಿಯೇ ಸರಿಯಿಲ್ಲವೆಂದು ಡ್ರೈವರನತ್ತ ಹಿಂತಿರುಗಿ ಬೈಯುತ್ತಲೇ ಆಕೆ ಕೊನೆಯ ಮೆಟ್ಟಿಲು ಇಳಿದಳು. ಆಮೇಲೆ ನೋಡಿದರೆ ಅದು ಕೊನೆಯದಾಗಿರಲಿಲ್ಲ. ಎಡಪಾದ ಒಳಕ್ಕೆ ಮಡಚಿಕೊಂಡಿತು, ಬೈಗುಳ ಅರ್ಧಕ್ಕೇ ನಿಂತು "ಅಯ್ಯಮ್ಮಾ" ಆಯಿತು.

ಡ್ರೈವರ್ ಓಡಿ ಬಂದ. "ಈ ಸಲ ಬ್ರೇಕ್ ನಾನು ಹಾಕಿಲ್ಲಕ್ಕಾ. ಗಾಡಿ ನಿಂತೇ ಇತ್ತು."

"ಹಲ್ಲು ಕಿರಿದಿದ್ದು ಸಾಕು. ಕೈ ಕೊಡು."

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು, ಎಲುಬು ಮುರಿದಿಲ್ಲ, ಪಾದದ ಗಿಣ್ಣಿನ ಹೊರಬದಿಯಲ್ಲಿ ಎಲುಬುಗಳನ್ನು ಹಿಡಿದಿಡುವ ನಾರು ಸ್ವಲ್ಪ ಹರಿದಿದೆ ಎಂದರು. ಕ್ರೇಪ್ ಬ್ಯಾಂಡೇಜ್ ಸುತ್ತಬೇಕು, ಐಸ್ ಇಡಬೇಕು, ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಟ್ಟುಕೊಂಡಿರಬೇಕು. ಸದ್ಯಕ್ಕೆ ಬಿಸಿ ಶಾಖವೂ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.

"ಬಾಯಿಗೇನೂ ವಿಶ್ರಾಂತಿ ಬೇಡವಾ ಡಾಕ್ಟ್ರೇ?" ಎಂದು ಗಂಡ ಮೆತ್ತಗೆ ಕೇಳಿದ.

ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮದುವೆಯಾದಾಗಿನಿಂದ ಹೆಂಡತಿ ಹೇಳಿದ್ದಕ್ಕೆ ತಲೆಯಾಡಿಸಿಕೊಂಡು ಬಂದವನಿಗೆ ಈಗ ಇದ್ದಕ್ಕಿದ್ದಂತೆ ಅಧಿಕಾರ ಸಿಕ್ಕಿತು. ಹೂವಿನ ಬಟ್ಟೆಯ ತುಂಡಿನಲ್ಲಿ ಐಸಿಗೊಂದು ಚೀಲ ಹೊಲಿದ. ಬಿಸಿ ಎಣ್ಣೆ ಹಿಡಿದು ಬಂದ ಪಕ್ಕದ ಮನೆಯಾಕೆಯನ್ನು ಬಾಗಿಲಲ್ಲೇ ತಡೆದ. ಬೆಳಿಗ್ಗೆ ಎದ್ದವನೇ ಕೊರಳಲ್ಲಿದ್ದ ಟೇಪು ತೆಗೆದು ಎರಡೂ ಕಾಲಿನ ಗಿಣ್ಣು ಅಳೆದು, "ಇವತ್ತು ಒಂಚೂರು ಒಳಗೆ ಹಿಡೀಬಹುದು ಕಣೇ," ಎಂದು ಊತ ಇಳಿದ ಸುದ್ದಿ ಹೇಳುತ್ತಿದ್ದ.

ಕಂಡಕ್ಟರಕ್ಕನಿಗೆ ಮಲಗಿ ಅಭ್ಯಾಸವಿರಲಿಲ್ಲ. ರವಿಕೆಯ ಅಳತೆ ಕೊಡಲು ಬಂದವರಿಗೆ ಒಳಗಿನ ಮಂಚದಿಂದಲೇ ಆಜ್ಞೆ ಹೋಗುತ್ತಿತ್ತು: "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ, ಮುಂದೆ ಹೋಗಿ, ಹಿಂದಿನೋರಿಗೆ ಜಾಗ ಬಿಡಿ!" ಬಂದವರು ಒಬ್ಬರೇ ಇದ್ದರೂ ಗಾಬರಿಯಾಗಿ ಮುಂದೆ ಸರಿಯುತ್ತಿದ್ದರು.

ಊತ ಇಳಿದ ಮೇಲೆ ಫಿಸಿಯೋ ಶುರುವಾಯಿತು. ಕಲಿಸುವವಳು ಚಿಕ್ಕ ಹುಡುಗಿ, ಮಾತು ಮಾತ್ರ ಖಡಕ್ಕು. ಮೊದಲು ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಆಇಈ ಬರೆಸಿದಳು. ಅದಾದ ಕೆಲವು ವಾರಕ್ಕೆ, "ಈಗ ಎಡಗಾಲ ಮೇಲೆ ಮಾತ್ರ ನಿಂತ್ಕೊಳ್ಳಿ ಆಂಟಿ. ಗೋಡೆ ಹತ್ರಾನೇ ಇರಿ," ಎಂದಳು.

"ನಿಲ್ಲೋದೇ ನನ್ನ ಕೆಲಸ ಕಣಮ್ಮಾ. ಗೋಡೆ ನಿನಗಿರಲಿ."

ಬಲಗಾಲು ಎತ್ತಿದ್ದೇ ತಡ, ಗಿಣ್ಣು ಗಡಗಡ ನಡುಗಿತು. ಆಕೆ ಗೋಡೆಗೆ ಹೋಗಿ ಒರಗಿದಳು. ಮತ್ತೆ ನಿಂತಳು, ಮತ್ತೆ ಒರಗಿದಳು.

"ನಾರು ಕೂಡಿಕೊಂಡ್ರೂ ಕಾಲಿಗೆ ತನ್ನ ಅಂದಾಜು ಮರೆತುಹೋಗಿರುತ್ತೆ ಆಂಟಿ. ಅದಕ್ಕೆ ಮತ್ತೆ ಕಲಿಸಬೇಕು. ದಿನಾ ಮಾಡಿ."

ಮನೆಗೆ ಬರುವಾಗ ಆಟೋದಲ್ಲಿ ಆಕೆ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಮನೆ ಮುಟ್ಟಿದ ಮೇಲೆ ಮಂಚದ ತುದಿಯಲ್ಲಿ ಕೂತು, "ರೀ, ನೆಲದ ಮೇಲೇ ನಿಲ್ಲೋಕಾಗ್ತಿಲ್ಲ, ಬಸ್ಸಲ್ಲಿ ಹೇಗ್ರೀ ನಿಲ್ಲಲಿ?" ಎಂದಳು. ದನಿ ಒಡೆದಿತ್ತು.

ಗಂಡನಿಗೆ ತಮಾಷೆ ಮಾಡುವ ಹೊತ್ತು ಇದಲ್ಲವೆಂದು ಗೊತ್ತಾಯಿತು. ಅವನು ಮಷೀನು ಬಿಟ್ಟೆದ್ದು ಅವಳ ಎದುರು ಬಂದು, ತಾನೇ ಒಂಟಿಕಾಲಲ್ಲಿ ನಿಂತ. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತೂರಾಡಿ, ಇಸ್ತ್ರಿ ಮಾಡಿಟ್ಟಿದ್ದ ಪ್ಯಾಂಟುಗಳ ರಾಶಿಯ ಮೇಲೆ ಕುಸಿದು ಕೂತ.

"ನಿಮಗೇನ್ರೀ ಬಂತು? ನಿಮ್ಮ ನಾರು ಗಟ್ಟಿಯಾಗೇ ಇದೆಯಲ್ಲಾ!"

"ಅದೇ ನಾನೂ ಯೋಚಿಸ್ತಿದ್ದೀನಿ."

ಆಕೆ ಕಣ್ಣೊರೆಸಿಕೊಂಡು ನಕ್ಕಳು. ಅಂದಿನಿಂದ ಸಂಜೆಯಾದರೆ ಇಬ್ಬರೂ ಎದುರುಬದುರು ಒಂಟಿಕಾಲಲ್ಲಿ ನಿಲ್ಲುವುದು ಪಂದ್ಯವಾಯಿತು. ಮೊದಮೊದಲು ಗಂಡ ಬೇಕೆಂದೇ ಸೋಲುತ್ತಿದ್ದ. ಆಮೇಲೆ ಬೇಡವೆಂದರೂ ಸೋಲತೊಡಗಿದ. ಒಂದು ಸಂಜೆ ಆಕೆ ಒಂಟಿಕಾಲಲ್ಲೇ ನಿಂತು ಪಕ್ಕದ ಮನೆಯ ವಿಷಯವನ್ನೆಲ್ಲ ಹೇಳಿ ಮುಗಿಸಿದಾಗ, ಫಿಸಿಯೋ ಹುಡುಗಿ ಒಪ್ಪುವ ಮೊದಲೇ ಅವನು ಖಾಕಿ ಸೀರೆಯನ್ನು ಇಸ್ತ್ರಿಗೆ ತೆಗೆದ.

ಕೆಲಸಕ್ಕೆ ಮರಳಿದ ದಿನ ಡ್ರೈವರ್ ಬಸ್ಸನ್ನು ಮೊಟ್ಟೆ ಹೊತ್ತವನಂತೆ ನಡೆಸಿದ. ಹಿಂದಿನ ಸೀಟಿನಿಂದ ಯಾರೋ, "ಇಳಿದು ತಳ್ಳಬೇಕೇನಪ್ಪಾ?" ಎಂದು ಕೂಗಿದರು. ದಿನಾ ಬರುವ ನರ್ಸಮ್ಮ ಕಿಟಕಿ ಪಕ್ಕದ ತನ್ನ ಸೀಟು ಬಿಟ್ಟೆದ್ದಳು. ಕಂಡಕ್ಟರಕ್ಕ ಬೇಡವೆಂದಳು, ಮತ್ತೆ ಬೇಡವೆಂದಳು, ಕೊನೆಗೆ ಟಿಕೆಟ್ಟೆಲ್ಲ ಕೊಟ್ಟಾದ ಮೇಲೆ ಕೂತಳು.

ಕೂತು ಹೊರಗೆ ನೋಡಿದಳು. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದವಳಿಗೆ ಇದುವರೆಗೆ ಕಂಡದ್ದು ಬರೀ ತಲೆಗಳು, ಚೀಲಗಳು, ಚಾಚಿದ ಕೈಗಳು.

"ಡ್ರೈವರಣ್ಣಾ, ಇಲ್ಲೊಂದು ಕೆರೆ ಇದೆಯಲ್ಲೋ!"

"ನಾನು ಗಾಡಿ ಹಿಡಿಯೋಕೆ ಮುಂಚೆಯಿಂದ ಇದೆ ಅಕ್ಕಾ."

"ಬಾತುಕೋಳಿಗಳೂ ಇವೆ," ಎಂದಳು ಆಕೆ, ಬಸ್ಸಿಗೆಲ್ಲ ಕೇಳುವಂತೆ.